ಎಡಗೈಯ ಪಟ

೪ ಡಿಸೆಂಬರ್ ೧೯೩೮, ಭಾನುವಾರ

ಬೇಡ ಬೇಡ ಅಂದರೂ ಕಾರ್ಯದರ್ಶಿ ಕೆಲಸವನ್ನು ನನ್ನ ತಲೆಗೇ ಕಟ್ಟಿದರು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ ದುಡಿದವನು ಪಿಂಚಣಿ ತೆಗೆದುಕೊಂಡು ಜಗಲಿಯ ಮೇಲೆ ಕೂತರೆ ಸಾಕು, ಹಾಸನದ ಜನಕ್ಕೆ ಹೊಟ್ಟೆ ಉರಿಯುತ್ತದೆ. ಬರುವ ಸಂಕ್ರಾಂತಿಗೆ ನಮ್ಮ ವಾಚನಾಲಯಕ್ಕೆ ಇಪ್ಪತ್ತೈದು ವರ್ಷ ತುಂಬುತ್ತದೆ. ಭಾಷಣ, ಹಾರ, ಉಪ್ಪಿಟ್ಟು ಎಲ್ಲ ಊರಲ್ಲೂ ಇದ್ದದ್ದೇ, ನಾವು ಫೋಟೋ ಪ್ರದರ್ಶನ ಇಡೋಣ ಎಂದವನು ಸ್ಟುಡಿಯೋ ದೇವರಾಜು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕಿನಲ್ಲಿ ಕ್ಯಾಮೆರಾ ಇರುವ ಯಾರು ಬೇಕಾದರೂ ಪಟ ಕಳಿಸಬಹುದು. ಮೂವರು ತೀರ್ಪುಗಾರರು ಕೂತು ಇಪ್ಪತ್ತನಾಲ್ಕನ್ನು ಆರಿಸಬೇಕು. ದೇವರಾಜು ಒಬ್ಬ, ವಾಚನಾಲಯದ ಕಟ್ಟಡಕ್ಕೆ ಮರ ಕೊಟ್ಟ ಮಲ್ಲಿಪಟ್ಟಣದ ಚನ್ನಪ್ಪಗೌಡರು ಇನ್ನೊಬ್ಬರು, ಮೂರನೆಯವನು ನಾನು.

ನಿಯಮಾವಳಿ ನಾನೇ ಬರೆದೆ, ಹದಿನಾಲ್ಕು ಕಲಮು. ಪಟದ ಹಿಂದೆ ಶೀರ್ಷಿಕೆ ಮಾತ್ರ ಇರಬೇಕು. ಕಳಿಸಿದವರ ಹೆಸರು ಬೇರೆ ಲಕೋಟೆಯಲ್ಲಿ ಮೊಹರಾಗಿ ನನ್ನ ಬೀರುವಿನಲ್ಲಿರುತ್ತದೆ. ತೀರ್ಪುಗಾರರ ನೆಂಟರಿಷ್ಟರ ಪಟ ಬಂದರೆ ಆ ತೀರ್ಪುಗಾರನು ಮತ ಹಾಕತಕ್ಕದ್ದಲ್ಲ. ಓದಿದಾಗ ಚನ್ನಪ್ಪನವರು ಆಕಳಿಸಿದರು.

ಇನ್ನು ಮನೆ. ಮಗಳು ಪ್ರೇಮಕುಮಾರಿ ಗಂಡನ ಮನೆಯಿಂದ ಬಂದು ಐದು ತಿಂಗಳಾಯಿತು. ಆಷಾಢಕ್ಕೆ ಕರೆಸಿಕೊಂಡಿದ್ದೇವೆ ಎಂದು ಅಕ್ಕಪಕ್ಕದವರಿಗೆ ಹೇಳಿದ್ದೆ. ಆಷಾಢ ಕಳೆಯಿತು, ಗೌರಿಹಬ್ಬ ಕಳೆಯಿತು, ದೀಪಾವಳಿಯೂ ಕಳೆಯಿತು. ಈಗ ಯಾರಾದರೂ ಕೇಳಿದರೆ ಕೆಮ್ಮಿ ಸುಮ್ಮನಾಗುತ್ತೇನೆ. ನಿಜ ಏನೆಂದರೆ ಅವಳನ್ನು ವಾಪಸು ಕಳಿಸಿದವರು ಬೀಗಿತಿ ದಾಕ್ಷಾಯಣಮ್ಮನವರು. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರದ ದೊಡ್ಡ ಮನೆ. ಯಜಮಾನರು ತೀರಿಕೊಂಡ ಮೇಲೆ ಆಕೆಯದೇ ಮಾತು. ನಮ್ಮ ಹುಡುಗಿ ಎಡಚಿ. ಎಡಗೈಯಲ್ಲೇ ಬಡಿಸುತ್ತಾಳೆ, ಎಡಗೈಯಲ್ಲೇ ಕೊಡುತ್ತಾಳೆ. ಮಠದ ಸ್ವಾಮಿಗಳು ಊಟಕ್ಕೆ ಬಂದಾಗಲೂ ಎಡಗೈಯಲ್ಲೇ ತುಪ್ಪ ಹಾಕಿದಳಂತೆ. ಶಿವಪೂಜೆಗೆ ಕೂತರೆ ಎಲ್ಲರೂ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಲ್ಲಿ ಪತ್ರೆ ಏರಿಸಿದರೆ ಇವಳದು ಅದಲುಬದಲು.

“ತಿದ್ದಿ ಕಳ್ಸಿ ಬೀಗ್ರೇ. ಅಲ್ಲೀಗಂಟ ನಿಮ್ಮನೇಲೇ ಇರ್ಲಿ” ಅಂದರು. ತಪ್ಪಿರುವ ಕಾಗದ ರಿಜಿಸ್ಟರಿಗೆ ತಂದ ರೈತರಿಗೆ ನಾನೂ ಹಾಗೆಯೇ ಹೇಳುತ್ತಿದ್ದೆ. ಅಳಿಯ ಗೌರೀಶಂಕರ ಅವರಮ್ಮನ ಹಿಂದೆ ನಿಂತು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ. ಬಾಯಲ್ಲಿ ಒಂದು ಮಾತಿಲ್ಲ.

ತಿದ್ದುತ್ತೇನೆ. ಅವಳ ಸಂಸಾರ ಉಳಿಯಬೇಕಲ್ಲ.

೧೧ ಡಿಸೆಂಬರ್, ಭಾನುವಾರ

ನೂರ ನಲವತ್ತಮೂರು ಪಟ ಬಂದಿವೆ! ನಮ್ಮ ಕಡೆ ಇಷ್ಟು ಕ್ಯಾಮೆರಾ ಇವೆಯೆಂದು ಯಾರಿಗೆ ಗೊತ್ತಿತ್ತು? ಮಹಡಿಯ ಮೇಲೆ ಜಮಖಾನ ಹಾಸಿ ಮೂವರೂ ಕೂತೆವು. ದೊಡ್ಡಗದ್ದವಳ್ಳಿ ಗುಡಿಯನ್ನೇ ಏಳು ಜನ ತೆಗೆದು ಕಳಿಸಿದ್ದಾರೆ, ಏಳೂ ಒಂದೇ ಮೂಲೆಯಿಂದ.

“ಇದೇನ್ಲಾ ದೇವರಾಜ, ಎಲ್ರೂ ಅಲ್ಲೇ ನಿಂತ್ಕಂಡವ್ರೆ? ಆ ಕಡೀಕೆ ಓದ್ರೆ ಗುಡಿ ಕಚ್ತದಾ?” ಎಂದರು ಚನ್ನಪ್ಪನವರು.

“ಬೆಳಕು ಆ ಕಡೆಯಿಂದ ಚೆನ್ನಾಗಿ ಬೀಳುತ್ತೆ ಗೌಡ್ರೇ.”

“ಅಂಗಾರೆ ಬೆಳಕಿನ ಪಟ ತೆಗೀಲಿ. ಗುಡಿ ಯಾಕೆ?”

ಈ ಮನುಷ್ಯನಿಗೆ ಒಂದು ಜೊತೆ ಎತ್ತು ಕಂಡರೆ ಸಾಕು, ಬೇರೆ ಪಟ ಬೇಡ. ಎತ್ತಿನ ಪಟ ಬಂದಾಗಲೆಲ್ಲ ಹಲ್ಲು ಎಣಿಸುವವರ ಹಾಗೆ ಹತ್ತಿರ ಹಿಡಿದು ನೋಡುತ್ತಾರೆ. ದೇವರಾಜು ಗೆರೆ, ನೆರಳು, ಫೋಕಸ್ಸು ಅನ್ನುತ್ತಾನೆ. ನಾನು ನಿಯಮ ನೋಡುತ್ತೇನೆ. ಸಂಜೆಯ ಹೊತ್ತಿಗೆ ಅರವತ್ತು ಪಟ ಹೊರಗೆ ಹೋದವು.

೧೨ ಡಿಸೆಂಬರ್, ಸೋಮವಾರ

ಊಟಕ್ಕೆ ಕೂತಾಗ ಕುಮಾರಿ ಬಡಿಸಿದಳು. ನಾನು “ಬಲಗೈ” ಎಂದೆ. ಇಷ್ಟೇ ಹೇಳಿದ್ದು, ಗದರಲಿಲ್ಲ. ಸೌಟು ಬಲಗೈಗೆ ಹೋಯಿತು. ಸಾರು ಎಲೆಗೆ ಬೀಳುವ ಬದಲು ನನ್ನ ಪಂಚೆಯ ಮೇಲೆ ಬಿತ್ತು. ಹತ್ತೊಂಬತ್ತು ವರ್ಷದ ಹುಡುಗಿಗೆ ಒಂದು ಸೌಟು ಹಿಡಿಯಲು ಬಾರದೇ? ನನ್ನ ಹೆಂಡತಿ ಶಿವಗಂಗಮ್ಮ ಒಳಗಿನಿಂದ ಒಂದು ಸಲ ನನ್ನ ಮುಖ ನೋಡಿದಳು.

ಬೀಗಿತಿಗೆ ಕಾಗದ ಬರೆದು ಹಾಕಿದೆ. ಹುಡುಗಿ ಬಹಳ ಮಟ್ಟಿಗೆ ತಿದ್ದಿಕೊಂಡಿದ್ದಾಳೆ ಎಂದು ಬರೆದಿದ್ದೇನೆ.

೧೮ ಡಿಸೆಂಬರ್, ಭಾನುವಾರ

ಇವತ್ತು ಒಂದು ಪಟ ಸಿಕ್ಕಿತು. ನಂಬರು ಐವತ್ತೇಳು. ಅಷ್ಟು ಹೊತ್ತೂ ಜಗಳವಾಡುತ್ತಿದ್ದ ನಾವು ಮೂವರೂ ಅದರ ಮೇಲೆ ಒಟ್ಟಿಗೆ ಬಗ್ಗಿದೆವು.

ಮಾಳಿಗೆಯ ಮೇಲೆ ಬಿಳೀ ಪಂಚೆ ಹಾಸಿದೆ. ಸಾಲುಸಾಲು ಸಂಡಿಗೆ ಇಟ್ಟಿದೆ. ನಡುವೆ ಒಬ್ಬ ಹುಡುಗಿ ಮಂಡಿಯೂರಿ ಕೂತು, ಒಂದು ಚೂರು ಹಸೀ ಹಿಟ್ಟನ್ನು ಬೆರಳ ತುದಿಯಲ್ಲಿ ಹಿಡಿದು, ಪಟ ತೆಗೆಯುವವನ ಬಾಯಿಗೇ ಇಡುವ ಹಾಗೆ ಕೈ ಚಾಚಿದ್ದಾಳೆ. ಕೈ ನಿಚ್ಚಳವಾಗಿದೆ. ಮುಖ ಹಿಂದೆ ಸ್ವಲ್ಪ ಮಸುಕು, ಬಿಸಿಲಿಗೆ ಕಣ್ಣು ಚಿಕ್ಕದು ಮಾಡಿಕೊಂಡು ನಗುತ್ತಿದ್ದಾಳೆ. ಎಂಥಾ ನಗು! ನೋಡಿದವರಿಗೂ ತುಟಿ ಬಿಚ್ಚುತ್ತದೆ. ಸಂಡಿಗೆ ಹಿಟ್ಟಿನ ಉಪ್ಪು, ಖಾರ, ಜೀರಿಗೆ ಎಲ್ಲ ನನ್ನ ನಾಲಗೆಗೆ ಬಂತು. ಹಿಂದೆ ಒಂದೇ ಮಾತು ಬರೆದಿದೆ: ‘ಕೈರುಚಿ’.

“ಇದು ಪಟ ಅಂದ್ರೆ” ಎಂದರು ಚನ್ನಪ್ಪನವರು. ಎತ್ತಿಲ್ಲದ ಪಟಕ್ಕೆ ಅವರು ಹಾಗೆ ಅಂದದ್ದು ಇದೇ ಮೊದಲು.

ಆಮೇಲೆ ತಪ್ಪು ಕಂಡುಹಿಡಿದವನು ನಾನು. ಕೊಡುತ್ತಿರುವುದು ಎಡಗೈಯಲ್ಲಿ! ತೋರಿಸಿದ ಕೂಡಲೇ ದೇವರಾಜು ಹಣೆ ಬಡಿದುಕೊಂಡ. “ಹೌದು ಸಾ, ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ಹಾಕ್ಬುಟ್ಟಿದಾನೆ. ಹೊಸಬರು ಮಾಡೋ ಕೆಲಸ. ಯಾವ ಹೆಂಗಸು ಎಡಗೈಲಿ ತಿನ್ನೋಕೆ ಕೊಡ್ತಾಳೆ?” ಎಂದ. ಚಿಂತೆಯಿಲ್ಲ, ಈ ಪಟದ್ದೇ ಪಟ ತೆಗೆದು ತಿರುಗಿಸಿ ಬೇರೆ ಪ್ರಿಂಟ್ ಹಾಕಿಕೊಡುತ್ತೇನೆ, ಅದನ್ನೇ ನಡುಗೋಡೆಗೆ ತೂಗುಹಾಕೋಣ ಎಂದ. ಮೂವರೂ ಒಪ್ಪಿದೆವು. ಹಿಂದೆ ಕೆಂಪು ಪೆನ್ಸಿಲ್ಲಿನಲ್ಲಿ ನಾನೇ ಬರೆದೆ: ‘ಉಲ್ಟಾ. ತಿರುಗಿಸತಕ್ಕದ್ದು.’

ಮನೆಗೆ ಬರುವಾಗ ಮನಸ್ಸು ಹಗುರವಾಗಿತ್ತು. ಯಾರ ಮನೆಯ ಹುಡುಗಿಯೋ, ನೂರು ವರ್ಷ ಬಾಳಲಿ.

೨೦ ಡಿಸೆಂಬರ್, ಮಂಗಳವಾರ

ಹೇಗೆ ಬರೆಯಲಿ?

ಆರಿಸಿದ ಪಟಗಳನ್ನು ಮನೆಗೆ ತಂದು ಪಡಸಾಲೆಯಲ್ಲಿ ಹರಡಿಕೊಂಡು ಪಟ್ಟಿ ಮಾಡುತ್ತಿದ್ದೆ. ಶಿವಗಂಗಮ್ಮ ಹೂ ಕಟ್ಟುತ್ತಾ ಬಂದು ಬಗ್ಗಿ ನೋಡಿದಳು.

“ಏನೂಂದ್ರೆ, ಮಗಳ ಪಟ ಯಾವಾಗ ಬಂತು?”

“ಯಾವ ಮಗಳು?” ಎಂದೆ ನಾನು. ಶಿವನೇ, ಹಾಗೇ ಅಂದೆ.

ಅವಳು ಐವತ್ತೇಳನೆಯ ಪಟವನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ನೋಡಿದೆ. ಮೂಗು ನಮ್ಮ ಕುಮಾರಿಯದು. ಕಿರುಬೆರಳು ಸ್ವಲ್ಪ ಡೊಂಕು, ನನ್ನ ತಾಯಿಯದೂ ಹಾಗೇ ಇತ್ತು. ಎರಡು ದಿನ ಆ ಪಟ ನನ್ನ ಕೈಯಲ್ಲೇ ಇತ್ತು. ನನ್ನ ಮಗಳು ದಿನಕ್ಕೆ ಮೂರು ಹೊತ್ತು ನನ್ನ ಕಣ್ಣೆದುರಿಗೇ ಓಡಾಡುತ್ತಾಳೆ.

“ಉಲ್ಟಾ ಅಂತ ಬೇರೆ ಬರೆದಿದೀರಲ್ಲ! ಸೆರಗು ನೋಡಿ, ಎಡ ಹೆಗಲ ಮೇಲೇ ಇದೆ. ಉಲ್ಟಾ ಆಗಿದ್ರೆ ಬಲ ಹೆಗಲಿಗೆ ಹೋಗ್ತಿತ್ತು. ಮೂರು ಜನ ಗಂಡಸ್ರು ಕೂತ್ಕೊಂಡು ನೋಡಿದ್ದು ಇದೇನಾ?” ಎಂದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಹಾಗಾದರೆ ಕಳಿಸಿದವನು ಅಳಿಯ. ಅವನ ಹತ್ತಿರ ಒಂದು ಡಬ್ಬಿ ಕ್ಯಾಮೆರಾ ಇದೆಯೆಂದು ಗೊತ್ತಿತ್ತು. ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡೇ ಹಸೆಮಣೆಗೆ ಬಂದವನು ಅವನು. ಲಕೋಟೆ ಒಡೆಯಲಿಲ್ಲ. ನಿಯಮ ನಿಯಮವೇ.

ಮುಖ ಮಸುಕಾಗಿದೆ, ಯಾರಿಗೂ ಗುರುತು ಸಿಗುವುದಿಲ್ಲ. ಅದಕ್ಕೇ ನನಗೂ ಸಿಗಲಿಲ್ಲ.

೨೧ ಡಿಸೆಂಬರ್, ಬುಧವಾರ

ಇಡೀ ದಿನ ಕುಮಾರಿಯ ಮುಖ ನೋಡಿದೆ. ಒಂದು ಸಲವೂ ನಗಲಿಲ್ಲ.

೨೮ ಡಿಸೆಂಬರ್, ಬುಧವಾರ

ಹೋದ ವಾರ ಪಟ ಒಯ್ದಿದ್ದ ದೇವರಾಜು ಅದರ ಜೊತೆಗೆ ತಿರುಗಿಸಿದ ಪ್ರಿಂಟ್ ತಂದುಕೊಟ್ಟ, ಮೊದಲಿನದಕ್ಕಿಂತ ದೊಡ್ಡದು. ಅದರಲ್ಲಿ ಕುಮಾರಿ ಬಲಗೈಯಲ್ಲಿ ಕೊಡುತ್ತಿದ್ದಾಳೆ. ಸೆರಗು ಬಲ ಹೆಗಲಿಗೆ ಹೋಗಿದೆ ನಿಜ. ಆದರೆ ಅದನ್ನು ಯಾರು ನೋಡುತ್ತಾರೆ? ಅವಳು ಯಾರೆಂದು ನಾನು ಅವನಿಗೆ ಹೇಳಲಿಲ್ಲ.

ನನಗೆ ಒಂದು ದಾರಿ ಹೊಳೆದಿದೆ. ಮಗನ ಪಟ ಪ್ರದರ್ಶನದಲ್ಲಿ ಇಟ್ಟಿದ್ದಾರೆಂದರೆ ಬೀಗಿತಿ ಬಂದೇ ಬರುತ್ತಾರೆ. ಬಂದವರ ಕಣ್ಣೆದುರಿಗೆ ಇದು, ನಡುಗೋಡೆಯಲ್ಲಿ, ಕಟ್ಟು ಹಾಕಿಸಿಕೊಂಡು! ನಾಲ್ಕು ತಾಲ್ಲೂಕಿನ ಜನ ಬಲಗೈ ನೋಡಿದ ಮೇಲೆ ಆಕೆ ಒಬ್ಬರೇ ಎಡಗೈ ಅನ್ನುವುದಕ್ಕೆ ಆಗುತ್ತದೆಯೇ? ಆ ಕ್ಷಣಕ್ಕೆ ಮಾತು ತೆಗೆದು, ಹುಡುಗಿಯನ್ನು ಕರೆದುಕೊಂಡು ಹೋಗಿ ಅಂದುಬಿಡುವುದು.

ಶಿವಗಂಗಮ್ಮನಿಗೆ ಹೇಳಿದೆ. ಅವಳು “ಆಯ್ತು ಬಿಡಿ” ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ‘ಆಯ್ತು ಬಿಡಿ’ ಅಂದ ಯಾವ ಕೆಲಸವೂ ಆದದ್ದಿಲ್ಲ.

೩೦ ಡಿಸೆಂಬರ್, ಶುಕ್ರವಾರ

ಕುಮಾರಿಗೆ ಗೊತ್ತಾಯಿತು. ಅವರವ್ವನೇ ಹೇಳಿರಬೇಕು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಎರಡು ಪಟವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದಳು. ಮೊದಲು ತನ್ನ ಪಟ ನೋಡಿದಳು. ಅದರ ಹಿಂದಿದ್ದ ‘ಕೈರುಚಿ’ಯನ್ನು ಓದಿದಳು. ಅಕ್ಷರದ ಗುರುತು ಸಿಕ್ಕಿತೆಂದು ಕಾಣುತ್ತದೆ, ಅದರ ಮೇಲೆ ಬೆರಳಾಡಿಸಿದಳು. ಕೆಂಪು ಪೆನ್ಸಿಲ್ಲಿನ ನನ್ನ ಅಕ್ಷರವೂ ಅದರ ಕೆಳಗೇ ಇತ್ತು.

ಆಮೇಲೆ ತಿರುಗಿಸಿದ್ದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಅತ್ತುಬಿಡುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಬಹಳ ಸಮಾಧಾನವಾಗಿ ಹೇಳಿದಳು:

“ಇವಳನ್ನೇ ಕಳ್ಸಿ ಅಪ್ಪಾಜಿ, ಚನ್ನರಾಯಪಟ್ಟಣಕ್ಕೆ. ಇವಳಾದ್ರೆ ಅವ್ರಿಗೆ ನಡೀತಾಳೆ. ನಾನು ಇಲ್ಲೇ ಇರ್ತೀನಿ.”

ಎರಡನ್ನೂ ಜೋಡಿಸಿ ನನ್ನ ಕೈಗೆ ಕೊಟ್ಟು ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಎಷ್ಟು ಹೊತ್ತಾದರೂ ನನ್ನ ತಲೆ ಒಣಗಲಿಲ್ಲ. ಟವಲ್ಲು ಕೈಯಲ್ಲೇ ಇತ್ತು.

೨ ಜನವರಿ ೧೯೩೯, ಸೋಮವಾರ

ಬೆಳಿಗ್ಗೆ ಪೂಜೆಗೆ ಕೂತೆ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡೆ. ಉಪನಯನ ಮಾಡಿಕೊಳ್ಳುವವರಿಗೆ ಜನಿವಾರ ಹೇಗೋ ನಮಗೆ ಇದು ಹಾಗೆ, ಹುಟ್ಟಿದಾಗಿನಿಂದ ಮೈಮೇಲೆ ಇರುವಂಥದು. ಐವತ್ತಾರು ವರ್ಷವಾಯಿತು, ಯಾವ ಕೈಯಲ್ಲಿಟ್ಟುಕೊಂಡೆ ಎಂದು ಇವತ್ತೇ ನೋಡಿದ್ದು. ಎಡಗೈಯಲ್ಲಿ! ಊರೆಲ್ಲ ಹೀಗಳೆಯುವ ಎಡಗೈಯಲ್ಲಿ ಸಾಕ್ಷಾತ್ ಶಿವನನ್ನು ಕೂರಿಸಿಕೊಳ್ಳುತ್ತೇವೆ. ಯಾಕೆ? ಕೆಲಸದ ಕೈ ಪತ್ರೆ ಏರಿಸಲು ಬಿಡುವಾಗಿರಲಿ ಎಂದು. ಕುಮಾರಿಯ ಕೆಲಸದ ಕೈ ಎಡದು. ಹಾಗಾದರೆ ಶಿವ ಬಲಗೈಯಲ್ಲಿ ಕೂತ. ಅವನಿಗೇನು, ಯಾವ ಕೈಯಾದರೂ ಮಗುವಿನ ಕೈಯೇ. ಬೀಗಿತಿ ಎದುರಿಗೆ ಬಂದರೆ ಈ ಮಾತು ಆಡಬೇಕೆಂದು ಮನಸ್ಸಿನಲ್ಲೇ ಎರಡು ಮೂರು ಸಲ ಹೇಳಿಕೊಂಡೆ.

ಮಧ್ಯಾಹ್ನ ಇನ್ನೊಂದು ಹುಚ್ಚಾಟ ಮಾಡಿದೆ. ಈ ಪುಟದ ತುದಿಯಲ್ಲಿ ಕಾಗೆ ಕಾಲು ಮೂಡಿದ ಹಾಗಿರುವ ಗೀಟುಗಳು ನನ್ನವೇ. ಎಡಗೈಯಲ್ಲಿ ಲೇಖನಿ ಹಿಡಿದು ನನ್ನ ಹೆಸರು ಬರೆಯಲು ಹೋದೆ. ನಂಜಯ್ಯ, ಮೂರೇ ಅಕ್ಷರ. ‘ನ’ ಅಡ್ಡ ಬಿತ್ತು. ‘ಜ’ ಬಾಯಿ ಮುಚ್ಚಲಿಲ್ಲ. ಬರೆದದ್ದನ್ನೆಲ್ಲ ಅಂಗೈಯೇ ಒರೆಸಿಕೊಂಡು ಹೋಯಿತು. ಎರಡನೆಯ ಸಲಕ್ಕೆ ಭುಜ ಬಿಗಿಯಿತು, ಮೂರನೆಯ ಸಲಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂದು ಲೇಖನಿ ಕೆಳಗಿಟ್ಟೆ.

ಇಲ್ಲಿ ಒಂದು ವಿಷಯ ಬರೆದಿಡಬೇಕು. ಯಾರಿಗೂ ಹೇಳಿಲ್ಲ, ಮನೆಯವಳಿಗೆ ಮಾತ್ರ ಗೊತ್ತು. ಕುಮಾರಿಗೆ ಐದು ವರ್ಷವಿದ್ದಾಗ, ಅಕ್ಷರ ಕಲಿಸುವಾಗ, ಹಳೇ ಪಂಚೆಯ ಅಂಚು ಹರಿದು ಅವಳ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದೆ. ಬಲಗೈಯಲ್ಲಿ ಮರಳಿನ ಮೇಲೆ ತಿದ್ದಬೇಕು. ಒಂದು ದಿನ ಬಿಚ್ಚುವುದನ್ನು ಮರೆತು ಆಫೀಸಿಗೆ ಹೋದೆ. ಸಂಜೆ ಬಂದಾಗ ಹಾಗೆಯೇ ಕಟ್ಟಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಅವರವ್ವ ಬಿಚ್ಚಲು ಹೋದರೆ ಬಿಡಲಿಲ್ಲವಂತೆ. “ಅಪ್ಪಾಜಿ ಕಟ್ಟಿದಾರೆ, ಅಪ್ಪಾಜೀನೇ ಬಿಚ್ತಾರೆ” ಅಂದಳಂತೆ. ಕೈ ಊದಿಕೊಂಡಿತ್ತು. ನಾನು ಬಿಚ್ಚಿದ ಕೂಡಲೇ ಆ ಕೈಯನ್ನೇ ನನ್ನ ಕುತ್ತಿಗೆಗೆ ಹಾಕಿದಳು.

ಇಷ್ಟು ಬರೆಯುವುದಕ್ಕೆ ಹದಿನಾಲ್ಕು ವರ್ಷ ಬೇಕಾಯಿತು. ಇನ್ನು ಇವತ್ತಿಗೆ ಸಾಕು.

೮ ಜನವರಿ, ಭಾನುವಾರ

ಕೊನೆಯ ಆಯ್ಕೆ. ಇಪ್ಪತ್ತಮೂರು ಪಟ ಬೇಗ ಮುಗಿದವು: ಹೊಳೆನರಸೀಪುರದ ಹೊಳೆ ದಡದಲ್ಲಿ ಬಟ್ಟೆ ಒಗೆಯುವವರು, ಅರಕಲಗೂಡಿನ ಸಂತೆಯಲ್ಲಿ ನಿದ್ದೆ ಮಾಡುತ್ತಿರುವ ಬಳೆಗಾರ, ಗುಡಿ ಒಂದೇ ಒಂದು, ಎತ್ತು ಮೂರು ಜೊತೆ (ಗೌಡರಿಗೆ ಬೇಸರ ಮಾಡಬಾರದೆಂದು). ಐವತ್ತೇಳು ಬಂದಾಗ ನಾನು ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ, ಕೂತೇ ಹೇಳಬಹುದಿತ್ತು.

“ಈ ಪಟಕ್ಕೆ ನಾನು ಮತ ಹಾಕೋ ಹಾಗಿಲ್ಲ. ಇವಳು ನನ್ನ ಮಗಳು. ತೆಗೆದವರು ನನ್ನ ಅಳಿಯ ಇರಬೇಕು” ಎಂದೆ.

ದೇವರಾಜು ಬಾಯಿ ಬಿಟ್ಟುಕೊಂಡು ನೋಡಿದ. ಚನ್ನಪ್ಪನವರು ಪಟ ನೋಡಿದರು, ನನ್ನನ್ನು ನೋಡಿದರು.

“ಇನ್ನೊಂದು ಮಾತು. ಪಟ ಉಲ್ಟಾ ಅಲ್ಲ. ನನ್ನ ಮಗಳು ಎಡಚಿ. ಸೆರಗು ನೋಡಿ, ನೆಟ್ಟಗಿದೆ. ತಿರುಗಿಸಿದ್ದರಲ್ಲೇ ಅದು ಬಲ ಹೆಗಲಿಗೆ ಹೋಗಿರೋದು. ಹಾಕೋದಾದ್ರೆ ಎಡಗೈದನ್ನೇ ಹಾಕಿ, ಇಲ್ಲದಿದ್ರೆ ಪಟಾನೇ ಬೇಡ. ಆಫೀಸಿನಲ್ಲಿ ಎಷ್ಟೋ ಸುಳ್ಳು ಕಾಗದ ಹಿಡಿದಿದೀನಿ. ಈಗ ನಾನೇ ಒಂದನ್ನ ಗೋಡೆಗೆ ಹಾಕಲಾರೆ.”

“ಆದ್ರೆ ಸಾ, ನೋಡಿದ ಜನ ಎಡಗೈಲಿ ಕೊಡ್ತಾಳೆ ಅಂತ ಆಡ್ಕೊಳಲ್ವೇ?” ಎಂದ ದೇವರಾಜು. ಅವನಿಗೂ ಸೆರಗು ಕಾಣದೆ ಹೋದದ್ದಕ್ಕೆ ಮುಖ ಸಪ್ಪಗಾಗಿತ್ತು.

ನನಗೆ ಎಲ್ಲಿತ್ತೋ ಸಿಟ್ಟು! “ಅಲ್ಲಯ್ಯಾ, ಮೂವತ್ತು ವರ್ಷ ಈ ತಾಲ್ಲೂಕಿನ ಜನರ ಎಡಗೈ ಹೆಬ್ಬೆಟ್ಟನ್ನ ಒತ್ತಿಸಿದೀನಿ. ಹೊಲ ಮನೆ ಎಲ್ಲ ಆ ಬೆರಳಿನ ಮೇಲೇ ನಿಂತಿದೆ. ಸರ್ಕಾರ ನಂಬೋ ಕೈನ ನೀನು ನಂಬಲ್ವಾ?” ಎಂದೆ.

ಚನ್ನಪ್ಪನವರು ತೊಡೆ ತಟ್ಟಿ ನಕ್ಕರು. “ಅಂಗ್ ಯೋಳಿ ಮತ್ತೆ! ನಮ್ಮಪ್ಪನೂ ಎಡಚನೇ ಕಣ್ಲಾ ದೇವರಾಜ. ಅವ್ನು ಎಡಗೈಲಿ ಎಳೆದ ಸಾಲು ಒಂದೂ ಸೊಟ್ಟಗಿರ್ಲಿಲ್ಲ. ಆಕ್ಲಾ ಪಟವ” ಎಂದರು. ಆಮೇಲೆ ದನಿ ತಗ್ಗಿಸಿ, “ಮಗಳು ಮನೇಲೇ ಅವ್ಳೆ ಅಂದ್ರಲ್ಲ ನಂಜಯ್ನೋರೇ, ಆಷಾಡ್ದಿಂದ. ಇದಕ್ಕೇನಾ?” ಎಂದು ಕೇಳಿದರು.

ಹೂಂ ಎಂದೆ. ಆರು ತಿಂಗಳಿನಿಂದ ಒಬ್ಬರಿಗೂ ಹೇಳದ ಮಾತು ಒಂದು ಹೂಂನಲ್ಲಿ ಹೋಯಿತು. ಮತ ಎರಡಕ್ಕೆ ಎರಡೂ ಪಟಕ್ಕೇ ಬಿದ್ದವು. ಲಕೋಟೆ ಒಡೆದೆವು. ಅಳಿಯನೇ.

ತಿರುಗಿಸಿದ ಪ್ರಿಂಟನ್ನು ಹರಿದು ಹಾಕಿದೆ. ಬೇಕಿದ್ದರೆ ದೇವರಾಜು ಬೈದುಕೊಳ್ಳಲಿ.

೧೫ ಜನವರಿ, ಭಾನುವಾರ

ಪ್ರದರ್ಶನ ಶುರುವಾಯಿತು. ಭಾಷಣ, ಹಾರ, ಉಪ್ಪಿಟ್ಟು ಯಾವುದೂ ತಪ್ಪಲಿಲ್ಲ. ನಿನ್ನೆಯ ಎಳ್ಳುಬೆಲ್ಲ ಇನ್ನೂ ಎಲ್ಲರ ಕೈಯಲ್ಲೂ ಇತ್ತು. ಬಂದ ಜನ ಇಪ್ಪತ್ತನಾಲ್ಕು ಪಟದಲ್ಲಿ ಇಪ್ಪತ್ತಮೂರನ್ನು ನಡೆಯುತ್ತಾ ನೋಡಿದರು, ಒಂದರ ಎದುರು ನಿಂತರು. ನಮ್ಮ ಮನೆಗೆ ಮೊಸರು ತರುವ ಸಾಲಗಾಮೆಯ ದೊಡ್ಡತಾಯಮ್ಮ ಅದರ ಮುಂದೆ ನಿಂತು ಅಂಗೈ ಒಡ್ಡಿಯೇಬಿಟ್ಟಳು. “ಇಕ್ಕು ಮಗಾ, ನಂಗೂ ಒಂಚೂರು” ಎಂದಳು. ಸುತ್ತಲಿದ್ದವರೆಲ್ಲ ನಕ್ಕರು. ಯಾವ ಕೈ ಎಂದು ಬೆಳಗಿನಿಂದ ಒಬ್ಬರೂ ಕೇಳಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಬೀಗಿತಿ, ಅಳಿಯ ಇಬ್ಬರೂ ಬಂದರು. ಯಾವ ಪಟ ಎಂದು ಮಗ ಹೇಳಿರಲಿಲ್ಲವೆಂದು ತೋರುತ್ತದೆ. ಆಕೆ ಬಂದು ನಿಂತು, “ಇದು ನಮ್ಮ ಮಾಳಿಗೆ ಅಲ್ವೇನೋ?” ಎಂದರು. ಆಮೇಲೆ ಹುಡುಗಿಯನ್ನು ಕಂಡರು. ಆಮೇಲೆ ಕೈಯನ್ನು ಕಂಡರು.

“ಊರಿಗೆಲ್ಲ ಇದನ್ನೇ ತೋರಿಸ್ಬೇಕಾಗಿತ್ತೇನು ಬೀಗ್ರೇ?” ಎಂದು ನನ್ನ ಕಡೆ ತಿರುಗಿದರು.

ಹದಿಮೂರು ದಿನದಿಂದ ಬಾಯಿಪಾಠ ಮಾಡಿದ್ದ ಲಿಂಗದ ಮಾತು ಆ ಹೊತ್ತಿಗೆ ಎಲ್ಲಿ ಹಾಳಾಗಿ ಹೋಯಿತೋ! ಒಂದು ಅಕ್ಷರವೂ ಬರಲಿಲ್ಲ. ನಾನು ಹೇಳಿದ್ದು ಇಷ್ಟು: “ನಮ್ಮ ಹುಡುಗಿ ತಿದ್ದಿಕೊಂಡಿದಾಳೆ ಅಂತ ಬರೆದಿದ್ದೆ. ಅದು ಸುಳ್ಳು. ತಿದ್ದೋದಕ್ಕೆ ಅವಳಲ್ಲಿ ತಪ್ಪೇ ಇಲ್ಲ. ಹಿಂಗೇ ಬೇಕು ಅಂದ್ರೆ ಕರ್ಕೊಂಡು ಹೋಗಿ. ಬೇಡ ಅಂದ್ರೆ ನಮ್ಮನೇಲೇ ಇರ್ತಾಳೆ, ನಮಗೇನೂ ಭಾರ ಅಲ್ಲ.” ಹೇಳಿ ಮುಗಿಸಿದ ಮೇಲೆ ಜನರ ಮುಂದೆ ನಾಚಿಕೆಯಾಯಿತು.

ಆಗ ಅಳಿಯ ಬಾಯಿ ಬಿಟ್ಟ. ಎರಡು ವರ್ಷದಲ್ಲಿ ಅವನ ದನಿ ಕೇಳಿದ್ದು ಇದೇ ಮೊದಲು ಅಂದರೂ ಆದೀತು. “ಅಮ್ಮಾ, ಅವತ್ತು ಅವಳು ಕೊಟ್ಟ ಹಿಟ್ಟು ತಿಂದೆ. ಯಾವ ಕೈಲಿ ಕೊಟ್ಟಳು ಅಂತ ನಂಗೆ ಗೊತ್ತೇ ಆಗ್ಲಿಲ್ಲ. ಫಿಲಂ ತೊಳೆದ ಮೇಲೆ ನೋಡ್ದೆ. ನಿನ್ನೆದುರಿಗೆ ಹೇಳಕ್ಕೆ ಬರಲ್ಲ ನಂಗೆ, ಅದಕ್ಕೇ ಇಲ್ಲಿಗೆ ಕಳ್ಸಿದೆ” ಎಂದ. ಕಾಲು ನೆಲ ಕೆರೆಯುತ್ತಲೇ ಇತ್ತು, ಆದರೂ ಹೇಳಿದ.

ದಾಕ್ಷಾಯಣಮ್ಮನವರು ಪಟದ ಕಡೆ ತಿರುಗಿ ಬಹಳ ಹೊತ್ತು ನಿಂತರು. ಹಿಂದೆ ಜನ ತಳ್ಳಾಡುತ್ತಿದ್ದರು. ಕೊನೆಗೆ ಸೆರಗು ಸರಿಮಾಡಿಕೊಂಡು, “ಇವತ್ತು ರಾತ್ರಿ ನಮ್ಮ ತಂಗಿ ಮನೇಲಿರ್ತೀವಿ. ನಾಳೆ ಊಟಕ್ಕೆ ಕರೆಯೋ ವಾಡಿಕೆ ಇದ್ಯೋ ಇಲ್ವೋ ನಿಮ್ಮಲ್ಲಿ?” ಎಂದು ಕೇಳಿದರು.

೧೬ ಜನವರಿ, ಸೋಮವಾರ

ಶಿವಗಂಗಮ್ಮ ಕೋಳಿ ಕೂಗುವ ಮೊದಲೇ ಎದ್ದಿದ್ದಳು. ಹೋಳಿಗೆ, ಅವರೆಕಾಳು ಸಾರು, ಪಲ್ಯ, ಕೋಸಂಬರಿ. ನಾನು ಅಡಿಗೆಮನೆಗೂ ಪಡಸಾಲೆಗೂ ಎಷ್ಟು ಸಲ ಓಡಾಡಿದೆನೆಂದರೆ, ಒಂದು ಕಡೆ ಕೂರಿ ಎಂದು ಇಬ್ಬರೂ ಬೈದರು.

ಬೀಗಿತಿ, ಅಳಿಯ ಬಂದರು. ಎಲೆ ಹಾಕಿ ಮೂವರೂ ಕೂತೆವು. ಬಡಿಸಲು ಬಂದವಳು ಕುಮಾರಿ. ಅತ್ತೆಯ ಎಲೆಯ ಮುಂದೆ ಬಂದಾಗ ಪಾತ್ರೆಯನ್ನು ಎಡಗೈಗೆ ಬದಲಿಸಿಕೊಂಡು ಬಲಗೈಯಲ್ಲಿ ಸೌಟು ಹಿಡಿದಳು. ಸೌಟು ಗಡಗಡ ನಡುಗಿ ಪಾತ್ರೆಗೆ ತಾಗಿತು. ನನಗೆ ನೋಡಲಾಗಲಿಲ್ಲ.

“ಕುಮಾರಿ, ನಿನ್ನ ಕೈಯಲ್ಲಿ ಬಡಿಸಮ್ಮ” ಎಂದೆ.

ಅವಳು ನನ್ನ ಮುಖ ನೋಡಿದಳು. ತಪ್ಪು ಕೇಳಿಸಿತೋ ಏನೋ ಎಂದು ನೋಡಿದಳು. ನಾನು ತಲೆಯಾಡಿಸಿದೆ. ಸೌಟು ಎಡಗೈಗೆ ಬಂತು. ಅನ್ನದ ನಡುವೆ ಒಂದು ಗುಳಿ ಮಾಡಿ, ಅದರೊಳಗೇ ಸಾರು ಬಿಟ್ಟಳು. ಎಲೆಯ ಮೇಲೆ ಒಂದು ಹನಿ ಆಚೀಚೆ ಆಗಲಿಲ್ಲ. ಬಡಿಸಿ, ಗೋಡೆಗೆ ಒರಗಿ ನಿಂತಳು.

ದಾಕ್ಷಾಯಣಮ್ಮನವರು ಎಲೆಯನ್ನೇ ನೋಡುತ್ತಾ ಕೂತಿದ್ದರು. ಶಿವಗಂಗಮ್ಮ ಒಳಬಾಗಿಲಲ್ಲಿ ನಿಂತು ತಾಳಿ ಹಿಡಿದುಕೊಂಡಿದ್ದಳು. ಬೀಗಿತಿ ಅನ್ನ ಕಲಸಿದರು. ಒಂದು ತುತ್ತು ತಿಂದರು. ಇನ್ನೊಂದು ತುತ್ತು ತಿಂದರು. ಬೇಗಬೇಗ ಅಲ್ಲ, ಅಡಿಗೆ ಪರೀಕ್ಷೆ ಮಾಡುವವರ ಹಾಗೆ ಜಗಿದು ನುಂಗಿ, ತಲೆಯೆತ್ತಿ ಸೊಸೆಯ ಮುಖ ನೋಡಿದರು.

“ಸಾರಿಗೆ ಉಪ್ಪು ಒಂದ್ ಕಲ್ಲು ಕಮ್ಮಿ ಕಣೇ” ಎಂದರು. “ನಮ್ಮನೇಲಿ ಇಷ್ಟು ಸಪ್ಪಗೆ ನಡಿಯಲ್ಲ. ಬಂದ್ಮೇಲೆ ನೋಡ್ಕೊಂಡ್ ಹಾಕು.”

ಕುಮಾರಿ “ಹೂಂ ಅತ್ತೆ” ಎಂದವಳು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ನಕ್ಕಳು. ಅದೇ ನಗು. ಈ ಸಲ ನನಗೆ ಗುರುತು ಸಿಕ್ಕಿತು.

ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು. ಹೇಳೋಣವೆಂದು ಬಾಯಿ ತೆಗೆದೆ, ಬಾಗಿಲಿನಿಂದ ಶಿವಗಂಗಮ್ಮ ಕಣ್ಣು ಬಿಟ್ಟಳು. ಆದದ್ದನ್ನು ಆದಂತೆಯೇ ಬರೆಯುವವನು ನಾನು; ಆದರೂ ಇವತ್ತಿನ ಸಾರಿಗೆ ಉಪ್ಪು ಕಮ್ಮಿಯಾಗಿತ್ತು ಎಂದೇ ಬರೆದಿಡುತ್ತಿದ್ದೇನೆ.